ಕೆಂಡಬಸವನ ಕಂಬಕ್ಕೆ ಐದು ಗೆರೆ

ಬೆಟ್ಟಗಳಿಗೆ ಇನ್ನೂ ಹೆಸರಿಡದ ಕಾಲ. ಕಾವಲಪುರ ಅಂತ ಒಂದು ರಾಜ್ಯ. ಅಲ್ಲಿ ಯಾರೂ ಒಲೆ ಹಚ್ಚುತ್ತಿರಲಿಲ್ಲ. ನೆಲದಡಿಯ ಗುಹೆಯಲ್ಲಿ ಕೆಂಡಬಸವ ಅನ್ನೋ ಬೆಂಕಿಹೋರಿ ಮಲಗಿತ್ತು. ಅದರ ಉಸಿರೇ ಮನೆಮನೆಯ ಒಲೆಗೆ ಬರೋದು. ಗುಹೆಯ ಬಾಗಿಲಲ್ಲಿ ಒಂದು ಮಾಯಾಕಂಬ, ಅದರ ಮೇಲೆ ಕಾವು ಅಳೆಯೋ ಐದು ಗೆರೆ. ಹೋರಿಯ ಕಾವು ಹದವಾಗಿದ್ದರೆ ಹಸಿರು, ಹದ ತಪ್ಪಿದರೆ ಕೆಂಪು.

ಒಂದು ದಿನ ಮಂಜಿನ ಮಾಂತ್ರಿಕ ಹಿಮಕೇಶ ಬಂದು ಕಂಬದ ಐದೂ ಗೆರೆಗಳನ್ನು ಕದ್ದ. ನಾಲ್ಕನ್ನು ದೂರದ ಹಾವು-ಹಕ್ಕಿಗಳ ಬಳಿ ಬಚ್ಚಿಟ್ಟ. ಗೆರೆಯಿಲ್ಲದ ಕಂಬಕ್ಕೆ ಏನು ಗೊತ್ತು? ಒಂದೇ ಅಳತೆ ಕಾವು ಬಂದರೂ ತಾನು ತುಂಬಿಹೋದೆ ಅಂದುಕೊಂಡು ಕೆಂಪಾಗಿ ನಿಂತಿತು. ಕಾವಲುಗಾರರು ಹೆದರಿ ಹೋರಿಯ ಮೇಲೆ ಕೊಡಗಟ್ಟಲೆ ನೀರು ಸುರಿದರು. ಸುರಿದಷ್ಟೂ ಹೋರಿ ಸೊರಗಿತು, ಒಲೆಗಳು ಆರತೊಡಗಿದವು.

ಕುಂಬಾರರ ತುಂಗವ್ವ ಆ ಹೋರಿಗೆ ಕರುವಿದ್ದಾಗಿಂದ ಇದ್ದಲು ತಿನ್ನಿಸಿದವಳು. "ನಿಲ್ಲಿಸ್ರಣ್ಣಾ, ಸಾಯ್ತದೆ!" ಅಂದಳು.

"ಕಂಬ ಕೆಂಪಗಿದೆಯಲ್ಲ ತಂಗಿ, ನಮ್ಮ ಕಣ್ಣು ಸುಳ್ಳಾ?" ಅಂದ ಕಾವಲಿನ ಕೆಂಚಣ್ಣ.

"ಹಾಗಾದ್ರೆ ಗೆರೆ ತಂದೇ ಮಾತಾಡ್ತೀನಿ."

ನಡೆದಳು, ನಡೆದಳು. ಬಾಲ ಕಚ್ಚಿಕೊಂಡು ಚಕ್ರವಾಗಿ ಮಲಗಿದ್ದ ಹೆಬ್ಬಾವು ಸಿಕ್ಕಿತು. ಕಂಬದ ಶುರುವಿನ ಗೆರೆಯೂ ಕೊನೆಯ ಗೆರೆಯೂ ಅದರ ಹೊಟ್ಟೆಯಲ್ಲಿದ್ದವು. "ಅಣ್ಣಾ, ಇಷ್ಟು ಚೆಂದದ ಹಾವಿಗೆ ಹೆಸರೇನು?" ಅಂದಳು. ಜಂಬಕ್ಕೆ ಹಾವು ಬಾಯಿ ಬಿಟ್ಟಿತು. ಬಾಲ ಜಾರಿತು, ಹಾವು ನೆಟ್ಟಗಾಯಿತು. ಸೊನ್ನೆಯ ಗೆರೆ, ನೂರರ ಗೆರೆ ಟಪಟಪ ಉದುರಿದವು.

ನಡೆದಳು, ನಡೆದಳು. ಎರಡು ತಲೆಯ ಹಕ್ಕಿ ಅಡ್ಡ ಬಂತು. "ನಮ್ಮಿಬ್ಬರಿಗೂ ಒಪ್ಪೋ ಗಂಜಿ ಕೊಡು, ಇಲ್ಲಾ ನಿನ್ನನ್ನೇ ತಿಂತೀವಿ!" ತುಂಗವ್ವ ಸೊನ್ನೆ-ನೂರರ ಗೆರೆ ಹಿಡಿದು ಕಾವು ಅಳೆಯುತ್ತಾ ಗಂಜಿ ಕಾಯಿಸಿದಳು. "ತಣ್ಣಗಿದೆ, ತಣ್ಣಗಿದೆ" ಅಂತಿದ್ದ ಎಡದ ತಲೆ ಮೂವತ್ತಕ್ಕೆ ಸುಮ್ಮನಾಯಿತು. ಬಲದ ತಲೆ ಎಪ್ಪತ್ತಕ್ಕೆ "ಅಯ್ಯೋ, ಸುಟ್ಟಿತು!" ಅಂತ ಕಿರುಚಿತು. ನಡುವಿನ ಬಿಸಿಗೆ ಇಳಿಸಿ ಬಡಿಸಿದಳು. ಎರಡೂ ತಲೆ ಕುಡಿದವು. ಹಕ್ಕಿ ಮೂವತ್ತರ ಕಮ್ಮಿಯ ಗೆರೆ, ಎಪ್ಪತ್ತರ ಜಾಸ್ತಿಯ ಗೆರೆ ಕೊಟ್ಟು ಹಾರಿಹೋಯಿತು.

ನಡೆದಳು, ನಡೆದಳು, ಗುಹೆಗೇ ಮರಳಿದಳು. ನಾಲ್ಕು ಗೆರೆ ಹಚ್ಚಿದರೂ ಕಂಬದ ಬಣ್ಣ ಬದಲಾಗಲಿಲ್ಲ. ಹಿಮಕೇಶ ಐದನೆಯ ಗೆರೆ ಹಿಡಿದು ನಗುತ್ತಿದ್ದ. "ಇದು ಒಳಿತಿನ ಗೆರೆ. ಯಾವ ಕಾವು ಒಳ್ಳೇದು ಅಂತ ಕಂಬಕ್ಕೆ ಹೇಳೋದು ಇದೇ. ಇಡು ನೋಡೋಣ, ತಪ್ಪು ಜಾಗಕ್ಕಿಟ್ಟರೆ ನೀನು ಮಂಜುಗಡ್ಡೆ!" ಅಂತ ಗೆರೆಯನ್ನು ಅವಳತ್ತ ಎಸೆದ.

"ತುದಿಗಿಡವ್ವಾ, ಬೆಂಕಿ ಹೆಚ್ಚಿದ್ದಷ್ಟೂ ಚೆನ್ನ" ಅಂದರು ಒಲೆ ಆರಿ ಓಡಿಬಂದಿದ್ದ ಅಡುಗೆಯವರು. "ಬುಡಕ್ಕಿಡು, ಭಯವಿರಲ್ಲ" ಅಂದ ಕೆಂಚಣ್ಣ.

"ಒಂದು ಮಡಕೆನಾದ್ರೂ ಸುಟ್ಟಿದ್ದೀರಾ?" ಅಂದಳು ತುಂಗವ್ವ. "ಕಾವು ಸಾಲದಿದ್ರೆ ನೀರಿಗೆ ಕರಗ್ತದೆ, ಹೆಚ್ಚಾದ್ರೆ ಸೊಟ್ಟಗಾಗ್ತದೆ. ಹದ ಬಂದದ್ದು ಮಾತ್ರ ತಟ್ಟಿದ್ರೆ ಟಣ್ ಅಂತದೆ." ಮೂವತ್ತು ಎಪ್ಪತ್ತರ ನಡುವೆ, ಸರಿಯಾಗಿ ಐವತ್ತಕ್ಕೆ ಗೆರೆ ಇಟ್ಟಳು.

ಹೋರಿಯ ಕಾವು ಮೂವತ್ತಕ್ಕೆ ಇಳಿದಿತ್ತು. ಒಂದೇ ಒಂದು ಕಡಿಮೆಯಾಗಿದ್ದರೂ ಕೈಮೀರುತ್ತಿತ್ತು. ಕಂಬ ಹಸಿರಾಯಿತು! ಕೊಡಗಳು ಕೆಳಗಿಳಿದವು. ಕೆಂಡಬಸವ ಒಂದು ಉದ್ದನೆಯ ಉಸಿರು ಬಿಟ್ಟಿತು. ಆ ಉಸಿರಿಗೆ ಎದುರು ನಿಂತಿದ್ದ ಹಿಮಕೇಶ ಗಡ್ಡ ಮೊದಲು, ಕಾಲು ಕೊನೆಗೆ, ಕರಗಿ ಹರಿದುಹೋದ.

ಕೆಂಚಣ್ಣ ನಾಚಿಕೊಂಡು ಹೋರಿಯ ಮೈ ಒರೆಸಿದ. ಮನೆಮನೆಯಲ್ಲೂ ಎಸರು ಕುದಿಯಿತು. ಅವರೆಲ್ಲ ಬಿಸಿಬಿಸಿ ಉಂಡು ನೂರು ಕಾಲ ಬಾಳಿದರು. ನಮ್ಮ ಮಡಕೆಯೂ ಹದವಾಗಿ ಬೇಯಲಿ.