ಅನುಮಾನದ ನಲವತ್ತೇಳು ಚೆಂಡು

"ಇದಕ್ಕೆ ಒಂದೇ ಅಂಕಾನಾ?"

ಬಾಗಿಲು ಕೂಡ ತಟ್ಟದೆ ಬಂದವನು ಪರದೆಯ ಮೇಲೆ ಓಡುತ್ತಿದ್ದ ಆಟದ ವಿಡಿಯೋ ನಿಲ್ಲಿಸಿ ಬೆರಳಿಟ್ಟ. ಗ್ಯಾಲರಿ ಕೆಳಗಿನ ಆ ಇಕ್ಕಟ್ಟಿನ ಕೋಣೆಯಲ್ಲಿ ಅವರಿಬ್ಬರೇ ಇದ್ದದ್ದು ಅದೇ ಮೊದಲು. ಎರಡು ವರ್ಷದಿಂದ ಅವಳು ಕಾದಿದ್ದ ಗಳಿಗೆ... ಹೀಗೆ ಬರಬೇಕಿತ್ತೇ!

ಅವನು ವಾಲಿಬಾಲ್ ತಂಡದ ಸೆಟ್ಟರ್. ಚೆಂಡು ಎಲ್ಲಿಗೆ ಬಂದರೂ ಓಡಿಹೋಗಿ, ಹೊಡೆಯುವವನಿಗೆ ಹದವಾಗಿ ಎತ್ತಿಕೊಡುವವನು. ಹಾಗೆ ಎತ್ತಿದ ಪ್ರತಿ ಚೆಂಡಿಗೂ ಸೊನ್ನೆಯಿಂದ ಮೂರರವರೆಗೆ ಅಂಕ ಹಾಕುವುದು ಅವಳ ಕೆಲಸ. ಆಟಗಾರರ ಬಾಯಲ್ಲಿ ಅವಳು 'ಲೆಕ್ಕದಮ್ಮ'. ಕೋಚ್ ಅವಳ ಸ್ವಂತ ಅಣ್ಣ.

"ಚೆಂಡು ಎಷ್ಟು ಕೆಟ್ಟದಾಗಿ ಬಂತು ನೋಡಿ! ಗೆರೆ ಆಚೆಯಿಂದ ಎತ್ತಿದೀನಿ. ಹೊಡೆಯೋನ ಎದುರಿಗೆ ತಡೆಯೋಕೆ ಒಬ್ಬನೇ ಉಳಿಯೋ ಹಾಗೆ ಕೊಟ್ಟಿದೀನಿ. ಎರಡು ಕೊಡಬಹುದಿತ್ತಲ್ವಾ?"

"ಆದ್ರೆ ಅವನು ಹೊರಗೆ ಹೊಡೆದ..."

"ಅದು ಅವನ ತಪ್ಪು! ನನ್ನ ಅಂಕ ಯಾಕೆ ಕಿತ್ಕೊಂಡ್ರಿ?"

ಅವಳು ಅಂಕದ ಹಾಳೆಯತ್ತ ಕಣ್ಣು ತಗ್ಗಿಸಿದಳು.

"ನನ್ನ ಸರಾಸರಿ ಎರಡು ಪಾಯಿಂಟ್ ಸೊನ್ನೆ ನಾಲ್ಕು. ಇನ್ನೊಬ್ಬ ಸೆಟ್ಟರ್‌ದು ಎರಡು ಪಾಯಿಂಟ್ ಸೊನ್ನೆ ಒಂಬತ್ತು. ಅಷ್ಟಕ್ಕೇ ತಂಡದ ಪಟ್ಟಿಯಿಂದ ನನ್ನ ಹೊರಗೆ ಹಾಕಿದ್ರು. ಪೆಟ್ಟಾದ ಈ ಮೊಣಕಾಲು ನೋಡಿ ಬೇರೆ ಯಾವ ತಂಡ ತಗೊಳ್ಳುತ್ತೆ? ಹನ್ನೊಂದು ವರ್ಷ... ಮುಗೀತು." ಅವನು ಬಾಗಿಲವರೆಗೆ ಹೋಗಿ ತಿರುಗಿದ. "ನನ್ನ ಕಂಡ್ರೆ ನಿಮಗಾಗಲ್ಲ ಅಂತ ಗೊತ್ತಿತ್ತು. ಎದುರಿಗೆ ಬಂದ್ರೆ ಮುಖ ತಿರುಗಿಸ್ಕೊಂಡು ಹೋಗ್ತಿದ್ರಿ."

ಅವನು ಹೊರಟುಹೋದ.

'ಆಗಲ್ಲ ಅಂತಾನಾ? ಅಯ್ಯೋ ದೇವರೇ... ಮುಖ ತಿರುಗಿಸದೆ ನೋಡಿದ್ದರೆ ನನ್ನ ಕಣ್ಣೇ ಎಲ್ಲ ಹೇಳಿಬಿಡುತ್ತಿತ್ತಲ್ಲ!'

ಅವಳು ಎಲ್ಲ ಆಟಗಳನ್ನೂ ಮೊದಲಿನಿಂದ ನೋಡಲು ಕೂತಳು. ಅವನು ಎತ್ತಿದ್ದು ಆರುನೂರ ನಲವತ್ತು ಚೆಂಡು. ಎರಡು ದಿನ ಒಂದೊಂದನ್ನೂ ಮತ್ತೆ ನೋಡಿದಳು. ಅನುಮಾನ ಬಂದಲ್ಲೆಲ್ಲ ಅವನಿಗೆ ಕೆಳಗಿನ ಅಂಕವೇ ಬಿದ್ದಿತ್ತು. ಕೋಚ್ ತಂಗಿ ತಾನು ಮನಸ್ಸಿಟ್ಟವನಿಗೆ ಅಂಕ ಸುರಿದಳು ಎಂದು ಯಾರೂ ಬೆರಳು ತೋರಿಸಬಾರದೆಂಬ ಹೆದರಿಕೆ! ಅಂಥ ನಲವತ್ತೇಳು ಚೆಂಡಿಗೆ ಇನ್ನೊಂದೊಂದು ಅಂಕ ಸಲ್ಲಬೇಕಿತ್ತು. ಸೇರಿಸಿ ನೋಡಿದಳು. ಎರಡು ಪಾಯಿಂಟ್ ಒಂದು ಒಂದು. ಜಾಗ ಅವನದೇ ಆಗಿತ್ತು.

ಇನ್ನೊಬ್ಬ ಸೆಟ್ಟರ್‌ನ ಲೆಕ್ಕವನ್ನೂ ತಿರುಗಿ ನೋಡಿದಳು. ಅದರಲ್ಲಿ ಒಂದು ತಪ್ಪೂ ಇರಲಿಲ್ಲ.

ಅಣ್ಣ ಹೊಸ ಲೆಕ್ಕದ ಹಾಳೆ ಓದಿ ಮೇಜಿನ ಮೇಲಿಟ್ಟ.

"ಪಟ್ಟಿಗೆ ಸಹಿ ಆಗಿ ಹೋಯ್ತು ಕಣೇ. ಇನ್ನು ಬದಲಾಗಲ್ಲ."

"ತಪ್ಪು ನಂದು ಅಂತ ಬರೆದುಕೊಡ್ತೀನಿ ಅಣ್ಣ."

"ಬೇಲೀನೇ ಎದ್ದು ಹೊಲ ಮೇಯ್ತು ಅಂತಾರೆ. ನಿನ್ನ ಕೆಲಸ ಹೋಗುತ್ತೆ, ಅವನ ಜಾಗ ಮಾತ್ರ ಬರಲ್ಲ."

ಆದರೂ ಬರೆದುಕೊಟ್ಟಳು. ಅಣ್ಣ ಹೇಳಿದ ಎರಡೂ ನಡೆದವು.

ಮರುದಿನ ಮಧ್ಯಾಹ್ನ ಅವನು ಬಟ್ಟೆ ಬದಲಿಸುವ ಕೋಣೆಯಲ್ಲಿ ತನ್ನ ಕಪಾಟು ಖಾಲಿ ಮಾಡುತ್ತಿದ್ದ. ಅವಳು ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದಳು. ಒಂದನ್ನೂ ಮುಚ್ಚಿಡಲಿಲ್ಲ.

"ಯಾಕೆ ಹೀಗೆ ಮಾಡಿದ್ರಿ?"

"ನೀವಂದ್ರೆ ಪ್ರೀತಿ. ಅದು ಯಾರಿಗೂ ಗೊತ್ತಾಗಬಾರದು ಅಂತ..."

ಅವನ ಕೈಯಲ್ಲಿದ್ದ ಮೊಣಕಾಲು ಪಟ್ಟಿ ಜಾರಿತು.

"ಒಂದು ಮಾತು ಹೇಳಿದ್ರೆ ಸಾಕಿತ್ತು! ನಿಮ್ಮ ಹೆದರಿಕೆಗೆ ನನ್ನ ಆಟವನ್ನೇ ಬಲಿ ಕೊಟ್ರಲ್ಲ..."

"ಹೌದು. ಕ್ಷಮಿಸಿ ಅಂತ ಕೇಳೋಕೂ ಮುಖ ಇಲ್ಲ." ಅವಳ ಕಣ್ಣು ತುಂಬಿ ಬಂತು. "ಹೋಗ್ತೀನಿ."

"ನಿಲ್ಲಿ." ಅವನು ಗೋಡೆ ಕಡೆ ತಿರುಗಿದ. "ನನಗೂ ನಿಮ್ಮ ಮೇಲೆ ಮನಸ್ಸಿತ್ತು. ಹಾಳಾದ್ದು, ಈಗಲೂ ಇದೆ. ಆದ್ರೆ ಇವತ್ತು ಕೋಪವೇ ಜಾಸ್ತಿ."

"ಕೋಪ ಇಳಿಯೋವರೆಗೂ ಕಾಯ್ತೀನಿ."

"ಇಳೀದೇ ಹೋದ್ರೆ?"

"ಆದ್ರೂ ಕಾಯ್ತೀನಿ."

ಅವನು ಬೆಂಚಿನ ಮೇಲಿದ್ದ ಚೀಲವನ್ನು ಎತ್ತಿ ನೆಲಕ್ಕಿಟ್ಟ.

"ಹಾಗಿದ್ರೆ ಬಾಗಿಲಲ್ಲಿ ನಿಂತ್ಕೊಂಡು ಯಾಕೆ? ಬನ್ನಿ... ಇಲ್ಲಿ ಕೂತ್ಕೊಳ್ಳಿ."