ಅವಳ ಬಾಗಿಲ ಮುಂದೆ ಹಂಪ್ ಬೇಡ

ಫರಹತ್ ನಕ್ಷೆಯ ಮೇಲೆ ಆಗಷ್ಟೇ ಅಂಟಿಸಿದ್ದ ಕೆಂಪು ಸ್ಟಿಕ್ಕರನ್ನು ಯಾರದೋ ಕೈ ಮೆಲ್ಲಗೆ ಕಿತ್ತುಬಿಟ್ಟಿತು!

ತಲೆಯೆತ್ತಿದಳು. ಫಹೀಮ್...

ಅವಳ ತಂದೆ, ಅಬ್ಬಾ, ತೀರಿಕೊಂಡ ಮೇಲೆ ಅವನನ್ನು ಇಷ್ಟು ಹತ್ತಿರದಿಂದ ನೋಡುತ್ತಿರುವುದು ಇದೇ ಮೊದಲು. ಅವನೊಡನೆ ನಿಶ್ಚಯವಾಗಿದ್ದ ನಿಕಾಹ್ ಬೇಡವೆಂದು ನಿಲ್ಲಿಸಿದವಳು ಅವಳೇ. ಆಮೇಲೆ ಅವನ ಫೋನನ್ನೂ ಎತ್ತಲಿಲ್ಲ. ಸಿಟ್ಟಿನಿಂದಲ್ಲ. ಎದೆಯೊಳಗೆ ಏನೂ ಉಳಿದಿರಲಿಲ್ಲ, ಅಷ್ಟೇ.

ಗುಂಡ್ಲುಪೇಟೆಯಲ್ಲಿ ಅಂದು ಸಾರ್ವಜನಿಕರ ಸಭೆ. ಇಂಜಿನಿಯರ್ ನಾಗೇಂದ್ರ ಊರಿನ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ರಸ್ತೆ ಹಂಪ್ ಎಲ್ಲಿ ಬೇಕೋ ಅಲ್ಲಿ ಸ್ಟಿಕ್ಕರ್ ಅಂಟಿಸಿ ಎಂದಿದ್ದರು.

ಫರಹತ್ ತನ್ನ ಮನೆಯ ಮುಂದೆಯೇ ಅಂಟಿಸಿದ್ದಳು. ರಾತ್ರಿ ಸಂಚಾರ ನಿಲ್ಲಿಸಲು ಮದ್ದೂರಿನ ಅರಣ್ಯ ಗೇಟು ಮುಚ್ಚುವುದರೊಳಗೆ ಕೇರಳಕ್ಕೆ ದಾಟಬೇಕೆಂದು ನುಗ್ಗಿ ಬಂದ ಕಾರು ಅಬ್ಬಾನನ್ನು ಕೆಡವಿದ್ದು ಅಲ್ಲೇ.

"ಅಲ್ಲಿ ಬೇಡ ಸಾರ್," ಎಂದ ಫಹೀಮ್.

ಬಾಳೆಕಾಯಿ ಮಂಡಿಯ ದೊಡ್ಡಮಲ್ಲಪ್ಪ ನಕ್ಕರು. "ಹಂಪ್ ಬಂದ್ರೆ ನಿನ್ ಪಂಚರ್ ಅಂಗ್ಡಿಗೇ ಲಾಭ ಕಣ್ಲಾ! ಬ್ಯಾಡ ಅಂತೀಯಲ್ಲ, ತಲೆ ಕೆಟ್ಟದಾ?"

"ನಮ್ಮ ಅಬ್ಬಾ ಹೋದ ಜಾಗ ಅದು," ಎಂದಳು ಫರಹತ್. ಬೇರೆ ಯಾರದೋ ಸುದ್ದಿ ಹೇಳುವಂತಿತ್ತು ಅವಳ ದನಿ. "ನಿನಗೇನು ಕಷ್ಟ?"

'ನನ್ನ ಮೇಲಿನ ಸೇಡಾ...? ಇರಲಿ.' ಅದೂ ನೋಯಲಿಲ್ಲ.

ಫಹೀಮ್ ಇಂಜಿನಿಯರ್ ಕಡೆ ತಿರುಗಿದ. "ಹಂಪ್ ಇದ್ದ ಕಡೆ ಪ್ರತಿ ಗಾಡಿನೂ ಬ್ರೇಕ್ ಹಾಕುತ್ತೆ ಸಾರ್. ಅವತ್ತು ಇವಳು ಬಾಗಿಲಲ್ಲೇ ನಿಂತಿದ್ಲು. ಮೊದ್ಲು ಕೇಳಿಸಿದ್ದು ಆ ಬ್ರೇಕ್ ಸದ್ದು..."

ಬೆರಳಲ್ಲಿದ್ದ ಸ್ಟಿಕ್ಕರನ್ನು ಅವನು ಒಮ್ಮೆ ನೋಡಿದ.

"ಈಗ್ಲೂ ಬ್ರೇಕ್ ಕಿರ್ ಅಂದ್ರೆ ಸಾಕು, ಹೊಲಿಗೆ ಮಿಷನ್ ತುಳಿಯೋಕೆ ಶುರು ಮಾಡ್ತಾಳೆ. ಆ ಸದ್ದು ಕೇಳಬಾರ್ದು ಅಂತ. ಸೂಜಿ ಕೆಳಗೆ ಬಟ್ಟೇನೇ ಇರಲ್ಲ! ಹಾದುಹೋಗುವಾಗ ಕಿಟಕಿಲಿ ನೋಡಿದೀನಿ... ಹಂಪ್ ನನ್ನ ಅಂಗಡಿ ಮುಂದೆ, ತಿರುವಲ್ಲಿ ಹಾಕಿ. ಇವಳ ಮನೆ ಹತ್ರ ಬರೋಷ್ಟರಲ್ಲಿ ಗಾಡಿಗಳು ನಿಧಾನ ಆಗಿರ್ತವೆ."



"ಸರ್ಯಾಗೇ ಏಳ್ತಾವ್ನೆ ಕಣಮ್ಮಿ," ಎಂದರು ದೊಡ್ಡಮಲ್ಲಪ್ಪ, ಮೆತ್ತಗೆ.

ಬಟ್ಟೆಯಿಲ್ಲದ ಮಿಷನ್! ಅದು ಒಂದೇ ಮನೆಯಲ್ಲಿರುವ ತಾಯಿಗೂ ಗೊತ್ತಾಗಿರಲಿಲ್ಲ. ಅಳು ಬರಬಹುದೆಂದು ಫರಹತ್ ಕಾದಳು. ಬರಲಿಲ್ಲ. ಆದರೆ ಇಷ್ಟು ದಿನ ಯಾರೂ ಕಾಣದ್ದನ್ನು ಇವನು ಕಂಡಿದ್ದ...

ಅವನ ಬೆರಳಿನಲ್ಲಿದ್ದ ಸ್ಟಿಕ್ಕರನ್ನು ತೆಗೆದುಕೊಂಡಳು. ನಕ್ಷೆಯ ತಿರುವಿನ ಮೇಲೆ ಹಿಡಿದಳು, ಅಂಟಿಸಲಿಲ್ಲ.

"ಅಂಗಡಿ ಹಿಂದೇನೇ ಅಲ್ವಾ ನಿಮ್ಮನೆ?"

"ಹೂಂ. ನನಗೇನೂ ತೊಂದ್ರೆ ಇಲ್ಲ."

"ನಿನಗಲ್ಲ. ನಿಕಾಹ್ ಆದ್ಮೇಲೆ ನಾನಿರೋದೂ ಅಲ್ಲೇ ತಾನೆ...?"

ಫಹೀಮ್ ಕಣ್ಣು ಮಿಟುಕಿಸದೆ ನಿಂತ. "ನೀನು ಬರ್ತೀಯ ಅಂತ... ನಾನು ಅಂದ್ಕೊಂಡೇ ಇರ್ಲಿಲ್ಲ." ಆಮೇಲೆ ಗಡಿಬಿಡಿಯಿಂದ ಕೈ ಚಾಚಿದ. "ಕೊಡು! ಇನ್ನೂ ದೂರ ಹಾಕಿಸ್ತೀನಿ."

ಅವಳು ಆಗಲೇ ಅಂಟಿಸಿ, ಹೆಬ್ಬೆರಳಿಂದ ಒತ್ತಿದ್ದಳು.

"ಇಲ್ಲೇ ಇರಲಿ. ಸದ್ದಾದಾಗ ನೀನು ಹತ್ರ ಇರ್ತೀಯಲ್ಲ?"

"ಇರ್ತೀನಿ, ಫರಹತ್."

"ಹಾಗಾದ್ರೆ ಮಿಷನ್ ಇಡೋಕೆ ಜಾಗ ಮಾಡು."

"ಬಟ್ಟೆನೂ ತಂದಿಡ್ಲಾ...?"

"ತಾ," ಎಂದಳು. "ನಿನ್ನ ಅಂಗಿಯಿಂದಲೇ ಶುರು ಮಾಡ್ತೀನಿ."