ಅರಗಿಳಿಯ ಮರದ ಮೈ

ಬಹಳ ಹಿಂದೆ, ಮಾತಾಡುವ ಪ್ರಾಣಿಗಳೂ ಮೋಟಾರುಗಳೂ ಒಂದೇ ದಾರಿಯಲ್ಲಿ ಓಡಾಡುತ್ತಿದ್ದ ಕಾಲದಲ್ಲಿ, ಸಂಪಿಗೆದುರ್ಗ ಅಂತ ಒಂದು ರಾಜ್ಯವಿತ್ತು. ಅಲ್ಲಿನ ರಾಣಿ ಪದ್ಮಲದೇವಿಯ ಹತ್ತಿರ ಅವಳ ಮುತ್ತಜ್ಜನ ಕಾಲದ ಒಂದು ಮೋಟಾರಿತ್ತು. ಹಸಿರು ಮೈ, ಕೆಂಪು ಮೂತಿ. ಜನ ಅದನ್ನು ಅರಗಿಳಿ ಅನ್ನುತ್ತಿದ್ದರು. ಹೊರಗೆ ಕಾಣುವುದು ಬರೀ ತಗಡು. ಆ ತಗಡನ್ನು ಹೊತ್ತು ನಿಂತದ್ದು ಒಳಗಿನ ಮರದ ಹಂದರ.

ಹಂದರವನ್ನು ನೋಡಿಕೊಳ್ಳುತ್ತಿದ್ದವರು ಬಡಗಿ ಮನೆಯ ಅಕ್ಕ ತಮ್ಮ. ಮರ ಕೊಯ್ದು ಕೀಲು ಕೂಡಿಸುವುದು ತಮ್ಮ ಮೌನೇಶನ ಕೆಲಸ. ಕೂಡಿಸಿದ ಮರಕ್ಕೆ ಎಣ್ಣೆ ಕುಡಿಸಿ, ಹೊಳಪು ಕೊಟ್ಟು, ಕೆಡದಂತೆ ಕಾಯುವುದು ಅಕ್ಕ ಕಾಳಮ್ಮನ ಕೆಲಸ. ಅಕ್ಕ ಎಣ್ಣೆ ಕಾಯಿಸುವಾಗ ಮೌನೇಶ ಒಂದು ದಿನವೂ ಒಲೆಯ ಕಡೆ ತಿರುಗಿ ನೋಡಿದವನಲ್ಲ.

ಒಂದು ವರ್ಷ ಕಾಳಮ್ಮ ಮೂವತ್ತು ಜನರ ಜೊತೆ ಅರಗು ತರಲು ಬಯಲಿನಾಚೆಯ ಕಾಡಿಗೆ ಹೋದಳು. ಆ ಕಾಡಿನ ಮೇಲೆ ಗೊರಲಯ್ಯ ಎಂಬ ಮಾಂತ್ರಿಕನ ಕಣ್ಣಿತ್ತು. ಮರವೇ ಅವನ ಊಟ. ಯಾರೂ ಹೋಗಬಾರದು, ಯಾರೂ ಬರಬಾರದು ಅಂತ ಅವನು ಬಯಲಿಗೆ ಮಬ್ಬು ಕವಿಸಿದ. ಮಬ್ಬಿನೊಳಗೆ ಕಾಲಿಟ್ಟವನಿಗೆ ತಾನು ಎಲ್ಲಿಗೆ ಹೊರಟೆ ಅನ್ನುವುದೇ ಮರೆಯುತ್ತಿತ್ತು. ಕುದುರೆಗೂ ಅಷ್ಟೆ, ಎತ್ತಿಗೂ ಅಷ್ಟೆ. ಮೋಟಾರಿಗೆ ಮಾತ್ರ ಮರೆಯಲು ಮನಸ್ಸಿಲ್ಲ. ರಾಣಿ ಅರಗಿಳಿಯನ್ನು ಕಳಿಸಿದಳು. ಕೂಗಳತೆ ದೂರ ಹೋಗುವಷ್ಟರಲ್ಲಿ ಮಬ್ಬು, ಆ ವರ್ಷ ಇನ್ನೂ ಎಣ್ಣೆ ಕಾಣದ ಅದರ ಹಳೆಯ ಮರವನ್ನು ತಿಂದು ಪುಡಿ ಮಾಡಿತು. ಮೊದಲೇ ಕಟ್ಟಿಟ್ಟಿದ್ದ ಹಗ್ಗ ಹಿಡಿದು ಹಿಂದಕ್ಕೆ ಎಳೆದು ತಂದರು.

ಅದೇ ದಿನ, ಕಾಳಮ್ಮ ಜೊತೆಗೆ ಒಯ್ದಿದ್ದ, ಮನೆಯ ದಾರಿ ಮಾತ್ರ ಬಲ್ಲ ಪಾರಿವಾಳ ಕಾಡಿನಿಂದ ಮಬ್ಬಿನ ಮೇಲೆ ಹಾರಿಬಂತು. ಕಾಲಿನಲ್ಲಿ ಕಾಳಮ್ಮನ ಚೀಟಿ: "ಹದಿನೈದು ದಿನಕ್ಕಾಗುವಷ್ಟು ಅಕ್ಕಿ ಇದೆ. ಆಮೇಲೆ ದೇವರೇ ಗತಿ."

ಮೌನೇಶ ಎಂಟು ದಿನದಲ್ಲಿ ತೇಗದ ಹೊಸ ಹಂದರ ಕಟ್ಟಿದ. ಕೀಲಿಗೆ ಕೀಲು ಕೂತಿತು. ಆಮೇಲೆ ಅಕ್ಕನ ಗೂಡು ತೆರೆದು ನೋಡಿದರೆ ಅಲ್ಲಿ ಮೂರು ಗಡಿಗೆ. ಒಂದರಲ್ಲಿ ಕರಗಿಸಿದ ಅರಗು, ಒಂದರಲ್ಲಿ ಗೇರುಸಿಪ್ಪೆಯಿಂದ ತೆಗೆದ ಗೇರೆಣ್ಣೆ, ಒಂದರಲ್ಲಿ ಅಗಸೆ ಎಣ್ಣೆ. ಯಾವುದನ್ನು ಹಚ್ಚಬೇಕು?

"ಯಾವಾಗ ಹೊರಡುತ್ತೀಯಪ್ಪ, ಮೌನೇಶ?" ಅಂತ ರಾಣಿ ಬಂದು ಕೇಳಿದಳು.

"ಗೊತ್ತಿಲ್ಲ ತಾಯಿ. ಕೀಲು ಕೇಳಿ, ಹೇಳುತ್ತೇನೆ. ಎಣ್ಣೆ ಕೇಳಿದರೆ ತಲೆ ತಿರುಗುತ್ತದೆ."

ಮಾರನೆಯ ಬೆಳಿಗ್ಗೆ ಎಮ್ಮೆಗರುವಿನಷ್ಟು ದೊಡ್ಡ ಕಪ್ಪೆಯೊಂದು ಕುಪ್ಪಳಿಸುತ್ತ ಅಂಗಳಕ್ಕೆ ಬಂತು. "ಮರಕ್ಕೆ ನೀರೇ ಶತ್ರು. ಅರಗು ಹಚ್ಚು. ಬೇರೆ ಹೇಳುವವರೆಲ್ಲ ಸುಳ್ಳರು," ಅಂದಿತು. ಮೌನೇಶ ಒಂದು ಮರದ ತುಂಡಿಗೆ ಅರಗು ಹಚ್ಚಿ ಮಬ್ಬಿನ ಅಂಚಿನಲ್ಲಿ ನೆಟ್ಟ. ಸಂಜೆ ಕಿತ್ತು ನೋಡಿದರೆ ಮೇಲೆಲ್ಲ ಥಳಥಳ. ಬೆರಳಿನಿಂದ ತಟ್ಟಿದರೆ ಒಳಗೆ ಹುಳು ತಿಂದು ಟೊಳ್ಳು.

ಎರಡನೆಯ ಬೆಳಿಗ್ಗೆ ಚಿಪ್ಪುಹಂದಿ ಬಂತು. "ಮರಕ್ಕೆ ಹುಳುವೇ ಶತ್ರು. ಗೇರೆಣ್ಣೆ ಹಚ್ಚು. ಬೇರೆ ಹೇಳುವವರೆಲ್ಲ ಸುಳ್ಳರು," ಅಂದಿತು. ಮೌನೇಶ ಗೇರೆಣ್ಣೆ ಹಚ್ಚಿ ನೆಟ್ಟ. ಸಂಜೆ ನೋಡಿದರೆ ಒಂದು ಹುಳುವೂ ಇಲ್ಲ. ಮಬ್ಬಿನ ಮಧ್ಯಾಹ್ನದ ಕಾವಿಗೆ ಮರ ಉದ್ದಕ್ಕೂ ಸೀಳಿತ್ತು.

ಮೂರನೆಯ ಬೆಳಿಗ್ಗೆ ಓತಿಕ್ಯಾತ ಬಂತು. ಬೇಲಿಯ ಮೇಲೆ ಕೂತು ತಲೆ ಆಡಿಸುತ್ತ, "ಮರಕ್ಕೆ ಬಿಸಿಲೇ ಶತ್ರು. ಅಗಸೆ ಎಣ್ಣೆ ಹಚ್ಚು. ಬೇರೆ ಹೇಳುವವರೆಲ್ಲ ಸುಳ್ಳರು," ಅಂದಿತು. ಮೌನೇಶ ಅಗಸೆ ಎಣ್ಣೆ ಹಚ್ಚಿ ನೆಟ್ಟ. ಸಂಜೆ ನೋಡಿದರೆ ಸೀಳಿಲ್ಲ. ನೀರು ಕುಡಿದು ಮರ ಉಬ್ಬಿತ್ತು, ಬುಡದಲ್ಲಿ ನಿಂತ ನೀರಿಗೆ ಆಗಲೇ ಕೊಳೆಯುತ್ತಿತ್ತು.

ಮೌನೇಶ ಮೂರು ತುಂಡುಗಳನ್ನೂ ಮುಂದಿಟ್ಟುಕೊಂಡು ಕೂತ. ಮೂವರೂ ಸುಳ್ಳು ಹೇಳಿದ್ದರೆ ಅವನಿಗೆ ಸುಲಭವಿತ್ತು. ಮೂವರೂ ಅರ್ಧ ನಿಜ ಹೇಳಿದ್ದರು. ಹನ್ನೊಂದು ದಿನ ಕಳೆದಿತ್ತು. ಗೂಡಿನ ಮುಂದೆ ಹೋಗಿ ನಿಂತ, ತಿರುಗಿ ಬಂದ, ಮತ್ತೆ ಹೋದ. ಆಗ ಕಂಡಿತು: ಮೂರು ಗಡಿಗೆಗಳೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಖಾಲಿಯಾಗಿದ್ದವು. ಅಂದರೆ ಅಕ್ಕ ಮೂರನ್ನೂ ಬಳಸುತ್ತಿದ್ದಳು!

ಯಾವುದು ಮೊದಲು, ಯಾವುದು ಆಮೇಲೆ? ಹುಳು ಇರುವುದು ಒಳಗೆ, ನೀರು ಬರುವುದು ಹೊರಗಿನಿಂದ, ಕಾವು ಇಡೀ ಮೈಗೆ. ಒಳಗಿನದಕ್ಕೆ ಮೊದಲು, ಹೊರಗಿನದಕ್ಕೆ ಕಡೆಗೆ ಇರಬಹುದು ಅಂದುಕೊಂಡು, ತಾನೇ ಕೂಡಿಸಿದ ಒಂದೊಂದು ಕೀಲನ್ನೂ ಬಿಚ್ಚಿದ. ಹಾಗೆ ಬಿಚ್ಚುವಾಗ ಅವನಿಗೆ ಅಳು ಬಂತು. ಮೊದಲ ದಿನ ಗೇರೆಣ್ಣೆ ಕುಡಿಸಿದ, ಕೀಲಿನ ಬಾಯಿಗಳಿಗೂ ಬಿಡದೆ. ಎರಡನೆಯ ದಿನ ಅಗಸೆ ಎಣ್ಣೆ. ಮೂರನೆಯ ದಿನ ಮತ್ತೆ ಕೂಡಿಸಿ, ಮೇಲೆ ಅರಗು. ಕೊಳೆತ ಬುಡ ನೆನಪಾಗಿ, ಹಂದರದ ಕೆಳಗಿನ ತೊಲೆಗಳಲ್ಲಿ ನೀರು ಇಳಿಯಲು ಸಣ್ಣ ಸಣ್ಣ ತೂತು ಕೊರೆದು, ಅವುಗಳ ಒಳಮೈಗೂ ಅರಗು ಸವರಿದ. ಕೈಬೆರಳುಗಳೆಲ್ಲ ಕಪ್ಪಾಗಿ ಬೊಕ್ಕೆ ಎದ್ದವು. ಸರಿಯೋ ತಪ್ಪೋ ಅವನಿಗೆ ಗೊತ್ತಿರಲಿಲ್ಲ.

ಹದಿನೈದನೆಯ ಬೆಳಿಗ್ಗೆ ತಗಡು ಹೊದಿಸಿ ಅರಗಿಳಿಯನ್ನು ಹೊರಡಿಸಿದ. ದಾರಿ ನೆಟ್ಟಗಿತ್ತು. ತಾನು ಮರೆತರೂ ಮೋಟಾರು ಅತ್ತಿತ್ತ ತಿರುಗದಿರಲೆಂದು ಸ್ಟೀರಿಂಗನ್ನು ಹಗ್ಗದಿಂದ ಬಿಗಿಯಾಗಿ ಕಟ್ಟಿದ.

ಮಬ್ಬಿನೊಳಗೆ ಹೋದದ್ದೇ ತಡ, ಎಲ್ಲ ಕಲಸಿಹೋಯಿತು. ನಾನು ಯಾರು? ಇದು ಯಾರ ಮೋಟಾರು? ಈ ಹಗ್ಗ ಯಾಕೆ? ಬಿಚ್ಚಿಬಿಡೋಣ ಅಂತ ಕೈ ಹಾಕಿದ. ಬೊಕ್ಕೆ ಎದ್ದ ಬೆರಳಿಗೆ ಗಂಟು ಬಿಚ್ಚಲಾಗಲಿಲ್ಲ. ಅಯ್ಯೋ ಉರಿ ಅನ್ನುತ್ತ ಕೈ ಎಳೆದುಕೊಂಡ. ಸ್ವಲ್ಪ ಹೊತ್ತಿಗೆ ಮರೆತು ಮತ್ತೆ ಕೈ ಹಾಕಿದ. ಮತ್ತೆ ಉರಿ. ಅರಗಿಳಿ ನೆಟ್ಟಗೆ ಓಡುತ್ತಲೇ ಇತ್ತು.

ಗೊರಲಯ್ಯ ಬಂದ. ಹುಳುವಾಗಿ ಬಾಗಿಲ ಕೀಲಿಗೆ ಬಾಯಿ ಹಾಕಿದ, ಥೂ, ಕಹಿ! ಕಾವಾಗಿ ಹಂದರವನ್ನು ಅಪ್ಪಿದ. ಎಣ್ಣೆ ಕುಡಿದ ಮರ ಬಳುಕಿತು, ಸೀಳಲಿಲ್ಲ. ನೀರಾಗಿ ಸುರಿದ, ಅರಗಿನ ಮೇಲೆ ಜಾರಿದ. ಕಡೆಗೆ ತಳದಲ್ಲಿ ಸುಮ್ಮನೆ ನಿಂತು ಕೊಳೆಸೋಣ ಅಂತ ಕೆಳಗಿನ ತೊಲೆಗೆ ಇಳಿದ. ಅಲ್ಲಿ ತೂತುಗಳಿದ್ದವು. ಹನಿಹನಿಯಾಗಿ ದಾರಿಯ ಬಿಸಿ ಧೂಳಿಗೆ ಬಿದ್ದ. ಎಷ್ಟೋ ದಿನದಿಂದ ಬಾಯಾರಿದ್ದ ಧೂಳು ಅವನನ್ನು ಕಡೆಯ ಹನಿಯವರೆಗೂ ಹೀರಿಕೊಂಡಿತು. ಮಬ್ಬು ಕರಗಿತು.

ಸಂಪಿಗೆದುರ್ಗದ ಅಂಗಳದಲ್ಲಿ ಕಪ್ಪೆ, ಚಿಪ್ಪುಹಂದಿ, ಓತಿಕ್ಯಾತ ಮೂವರೂ ಮುದುಕ ಬಡಗಿಗಳಾಗಿ ಎದ್ದು ನಿಂತರು. ಮಾಂತ್ರಿಕ ಅವರನ್ನು ಪ್ರಾಣಿ ಮಾಡಿ, ಒಬ್ಬೊಬ್ಬರಿಗೆ ಒಂದೊಂದೇ ಮಾತು ಉಳಿಸಿದ್ದನಂತೆ. ಮನುಷ್ಯರಾದ ಮೇಲೂ ಅರಗು ಹೆಚ್ಚೋ ಎಣ್ಣೆ ಹೆಚ್ಚೋ ಅಂತ ಜಗಳ ಮಾತ್ರ ನಿಲ್ಲಲಿಲ್ಲ.

ಕಾಡಿನಂಚಿನಲ್ಲಿ ಕಾಳಮ್ಮ ಮೊದಲು ಮೋಟಾರನ್ನು ನೋಡಿದಳು, ಬಾಗಿ ಅದರ ತಳದ ತೂತುಗಳ ಮೇಲೆ ಕೈಯಾಡಿಸಿದಳು. ಆಮೇಲೆ ತಮ್ಮನ ಬೆರಳು ನೋಡಿದಳು.

"ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳದೆ ಗೇರೆಣ್ಣೆ ಮುಟ್ಟಿದೆಯೇನೋ, ಪೆದ್ದ?"

ಮೌನೇಶ ಕಕ್ಕಾಬಿಕ್ಕಿಯಾದ. "ನಾಲ್ಕನೆಯದೂ ಒಂದು ಇತ್ತಾ, ಅಕ್ಕ?"

ಕಾಳಮ್ಮ ನಕ್ಕಳು, ಮೂವತ್ತು ಜನರೂ ನಕ್ಕರು. ಅರಗಿನ ಮೂಟೆಗಳ ಸಮೇತ ಎಲ್ಲರನ್ನೂ ಅರಗಿಳಿ ನಾಲ್ಕು ಸಲ ಓಡಾಡಿ ಊರಿಗೆ ಮುಟ್ಟಿಸಿತು. ಅವರೆಲ್ಲ ಉಂಡು, ಉಟ್ಟು, ನೂರು ಕಾಲ ನೆಮ್ಮದಿಯಾಗಿ ಬಾಳಿದರು. ಕೇಳಿದ ನಾವೂ ಹಾಗೇ ಬಾಳೋಣ.